ವೈರೇ ಬೇಡ ಅಂತ ಮೆಶ್ ತಗೊಂಡೆ, ಕೊನೆಗೆ 35 ಮೀಟರ್ ವೈರ್ ಎಳೆದೆ

ನಮ್ಮನೆ ಇರೋದು ತೀರ್ಥಹಳ್ಳಿ ತಾಲೂಕಲ್ಲಿ, ಅಜ್ಜನ ಕಾಲದ ಮಣ್ಣಿನ ಗೋಡೆ ಮನೆ. ಗೋಡೆ ಒಂದೂವರೆ ಅಡಿ ದಪ್ಪ, ಕೆಲವು ಕಡೆ ಎರಡಡಿ. ಏಪ್ರಿಲ್ ಮೇನಲ್ಲೂ ಒಳಗೆ ಕಾಲಿಟ್ರೆ ತಣ್ಣಗಿರುತ್ತೆ, ಬಂದವರೆಲ್ಲ ಅದನ್ನೇ ಹೊಗಳೋದು. ಆ ತಂಪು ಕೊಡೋ ಗೋಡೇನೇ ವೈಫೈಗೆ ಶತ್ರು ಅಂತ ನಂಗೆ ಗೊತ್ತಾಗಿದ್ದು, ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡ್ಕೊಂಡು ಬಂದು ಇಲ್ಲಿ ಉಪ್ಪರಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತ ಮೊದಲ ಸೋಮವಾರ, ಬೆಳಗ್ಗೆ ಹತ್ತು ಗಂಟೆ ಮೀಟಿಂಗಲ್ಲಿ ನನ್ನ ಮುಖ ಬಾಯಿ ತೆಗೆದ ಹಾಗೇ ನಿಂತುಹೋದಾಗ.

ಫೈಬರ್ ಏನೋ ಬಂದಿತ್ತು. 150 ಎಂಬಿಪಿಎಸ್ ಪ್ಲ್ಯಾನು. ಲೋಕಲ್ ಕೇಬಲ್ ಹುಡುಗ ಬಂದು ಜಗುಲಿ ಕಿಟಕಿ ಪಕ್ಕ ತೂತು ಹೊಡೆದು, ಅಲ್ಲೇ ಒಂದು ಓಎನ್‌ಟಿ ಡಬ್ಬಿ (ಫೈಬರ್ ಬಂದು ಸೇರೋ, ವೈಫೈ ಕೊಡೋ ರೂಟರ್) ಮೊಳೆಗೆ ತೂಗುಹಾಕಿ ಹೋಗಿದ್ದ, ಯಾಕಂದ್ರೆ ಅವನ ಏಣಿ ಅಲ್ಲೇ ನಿಂತಿತ್ತು, ಬೇರೆ ಕಾರಣ ಏನೂ ಇಲ್ಲ. ಹಂಗಾಗಿ ಜಗುಲೀಲಿ ನೆಟ್ ಬೆಂಕಿ. ನಡುಮನೇಲಿ ಪರವಾಗಿಲ್ಲ. ಅಡುಗೆಮನೆ, ಉಪ್ಪರಿಗೆಯ ಹಿಂದಿನ ಕೋಣೆ, ಎರಡೂ ಕಡೆ ಸೊನ್ನೆ. ತಂಗಿ ವಿಡಿಯೋ ಕಾಲ್ ಮಾಡಿದ್ರೆ ಅಮ್ಮ ಒಲೆ ಮೇಲಿದ್ದದ್ದು ಬಿಟ್ಟು ಜಗುಲಿ ಮೆಟ್ಟಿಲಿಗೆ ಓಡೋದು, ಸಾರು ಉಕ್ಕೋದು, ಇದು ನಾನು ಬರೋಕಿಂತ ಮುಂಚಿಂದ ನಡ್ಕೊಂಡು ಬಂದಿದ್ದ ಪದ್ಧತಿ.

ಫೋನಿಗೆ ಒಂದು ವೈಫೈ ಅನಲೈಸರ್ ಆಪ್ ಹಾಕ್ಕೊಂಡು ಮನೆ ತುಂಬ ಓಡಾಡಿದೆ. ಸಿಗ್ನಲ್ ಅದ್ರಲ್ಲಿ ಮೈನಸ್ ಲೆಕ್ಕದಲ್ಲಿ ಬರುತ್ತೆ, ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು, ಪ್ರತಿ 10 ಕೆಳಗೆ ಹೋದ್ರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲು ಉಳಿಯುತ್ತೆ ಅಂತ ಅರ್ಥ. ಜಗುಲೀಲಿ ಮೈನಸ್ 42. ನಡುಮನೆ ಬಾಗಿಲು ದಾಟಿದ ಕೂಡ್ಲೇ 63. ಇನ್ನೊಂದು ಗೋಡೆ ದಾಟಿ ಅಡುಗೆಮನೆಗೆ ಹೋದ್ರೆ 84. ಮೈನಸ್ 67ರ ಆಸುಪಾಸು ಇದ್ರೆ ಕಾಲ್ ಆರಾಮಾಗಿ ನಡಿಯುತ್ತೆ, 80 ದಾಟ್ತು ಅಂದ್ರೆ ಫೋನಲ್ಲಿ ಒಂದು ಕಡ್ಡಿ ಕಾಣ್ಸುತ್ತೆ ಅಷ್ಟೇ, ಒಳಗೆ ಏನೂ ಹರಿಯಲ್ಲ. ಅದೂ ಈ 84 ಬಂದಿದ್ದು ನಮ್ಮ ರೂಟರಿನ ಎರಡು ತರಂಗಗಳಲ್ಲಿ 2.4 ಗಿಗಾಹರ್ಟ್ಸ್ ಅನ್ನೋದ್ರಲ್ಲಿ, ಅದು ನಿಧಾನ ಆದ್ರೂ ಗೋಡೆಯೊಳಗೆ ನುಗ್ಗುತ್ತೆ. 5 ಗಿಗಾಹರ್ಟ್ಸ್ ಅನ್ನೋದು ಜೋರು ಓಡುತ್ತೆ ಆದ್ರೆ ಗೋಡೆ ಕಂಡ್ರೆ ಸುಸ್ತು, ಅಡುಗೆಮನೇಲಿ ಅದರ ಹೆಸರೇ ಕಾಣಿಸ್ಲಿಲ್ಲ. ಮಳೆಗಾಲದಲ್ಲಂತೂ ಗೋಡೆ ತೇವ ಹೀರ್ಕೊಂಡಿರುತ್ತೆ, ನೀರು ಈ ತರಂಗಗಳನ್ನ ಕುಡಿಯುತ್ತೆ, ಹಾಗಾಗಿ ಆಷಾಢದಲ್ಲಿ ನಮ್ಮನೆ ವೈಫೈಗೂ ಆಷಾಢ.

ಬೆಂಗಳೂರಲ್ಲಿ ಇದರ ಉಲ್ಟಾ ಕಷ್ಟ ಇತ್ತು. ಅಲ್ಲಿ ಅದೇ ಆಪ್ ತೆರೆದ್ರೆ ಇಪ್ಪತ್ತಕ್ಕೂ ಮೇಲೆ ವೈಫೈ ಹೆಸರು, ಎಲ್ಲರೂ ಒಂದೇ ಚಾನೆಲ್ ಮೇಲೆ ಕೂತ್ಕೊಂಡು ಕಿರುಚಾಡೋದು, 1, 6, 11 ಈ ಮೂರರಲ್ಲಿ ಯಾವುದು ಖಾಲಿ ಅಂತ ಹುಡುಕೋದು. ಇಲ್ಲಿ ಪಕ್ಕದ ಮನೆ ಕಾಲು ಕಿಲೋಮೀಟರ್ ದೂರ. ಗಾಳಿಯೆಲ್ಲ ನಮ್ಮದೇ, ಗೋಡೆ ಮಾತ್ರ ಅಡ್ಡ.

ಮೊದಲು ಎಲ್ಲರೂ ಮಾಡೋ ತಪ್ಪೇ ನಾನೂ ಮಾಡಿದೆ, ಒಂದು ರಿಪೀಟರ್ ತಂದೆ. ಪ್ಲಗ್ಗಿಗೆ ಚುಚ್ಚೋದು, ಎರಡು ಕಿವಿ ಇರುತ್ತಲ್ಲ, ಅದು. ಅದು ತನ್ನದೇ ಹೆಸರಲ್ಲಿ ಇನ್ನೊಂದು ವೈಫೈ ಶುರುಮಾಡ್ತು, ಅಮ್ಮ ನಡುಮನೆಯಿಂದ ಅಡುಗೆಮನೆಗೆ ಹೋದಾಗೆಲ್ಲ ಫೋನಲ್ಲಿ ಹೆಸರು ಬದಲಾಯಿಸ್ಬೇಕು. "ನಂಗೆ ಇದೆಲ್ಲ ಆಗದಲ್ಲ, ಮೆಟ್ಟಿಲೇ ಸಾಕು" ಅಂದ್ಲು. ನ್ಯಾಯ.

ಆಮೇಲೆ ಮೆಶ್. ಗೊತ್ತಿಲ್ಲದವರಿಗೆ ಹೇಳ್ತೀನಿ, ಎರಡೋ ಮೂರೋ ಡಬ್ಬಿ ಬರುತ್ತೆ, ಎಲ್ಲ ಸೇರಿ ಒಂದೇ ಹೆಸರು ಒಂದೇ ಪಾಸ್‌ವರ್ಡ್, ಮನೇಲಿ ನೀವು ಎಲ್ಲಿಗೆ ಹೋದ್ರೂ ಫೋನು ಹತ್ತಿರದ ಡಬ್ಬಿಗೆ ತಾನಾಗೇ ಅಂಟ್ಕೊಳ್ಳುತ್ತೆ. ಮನೆ ಬಳಕೆಗೆ ಇದು ಸುದ್ದಿ ಮಾಡಿದ್ದು 2016ರಲ್ಲಿ, ಅಮೆರಿಕದಲ್ಲಿ ಈರೋ ಬಂತು, ಅದೇ ವರ್ಷದ ಕೊನೇಲಿ ಗೂಗಲ್ ವೈಫೈ ಬಂತು, ಈಗ ಟಿಪಿ-ಲಿಂಕ್ ಡೆಕೊ ಅದು ಇದು ಅಂತ ನಮ್ಮ ಕಡೆ ಅಂಗಡೀಲೂ ಸಿಗುತ್ತೆ. ಆದ್ರೆ ಮೆಶ್ ಅನ್ನೋ ಐಡಿಯಾ ಇನ್ನೂ ಹಳೇದು, ಮನೆಗಷ್ಟೇ ಅಲ್ಲ, ಊರಿಗೂ ಆಗುತ್ತೆ. ನಮ್ಮ ತುಮಕೂರು ಕಡೆ ದೇವರಾಯನದುರ್ಗದ ಹತ್ರ ದುರ್ಗದಹಳ್ಳೀಲಿ ಜನಸ್ತು ಅನ್ನೋ ಸಂಸ್ಥೆಯವರು ಹಳ್ಳಿ ಜನರನ್ನ ಸೇರಿಸ್ಕೊಂಡು ಸಮುದಾಯದ್ದೇ ಮೆಶ್ ಕಟ್ಟಿದಾರೆ. ಅದರ ಮುಂದೆ ನನ್ನ ಮೂರು ಡಬ್ಬಿ ಆಟದ ಸಾಮಾನು.

ನಾನು ತಗೊಂಡಿದ್ದು ಎಸಿ1200 ಕ್ಲಾಸಿನ ಮೂರರ ಪ್ಯಾಕು. ಎಸಿ1200 ಅಂದ್ರೆ 1200 ಎಂಬಿಪಿಎಸ್ ಬರುತ್ತೆ ಅಂತ ಅಲ್ಲ, 2.4ರಲ್ಲಿ 300, 5ರಲ್ಲಿ 867, ಎರಡೂ ಕೂಡಿಸಿ ಮೇಲೆ ಸ್ವಲ್ಪ ಎತ್ತಿ ಡಬ್ಬಿ ಮೇಲೆ ಅಚ್ಚು ಹಾಕ್ತಾರೆ, ಅದೂ ಕಾಗದದ ಮೇಲಿನ ಲೆಕ್ಕ. ತಗೊಳ್ಳೋಕೆ ನಂಗಿದ್ದ ಒಂದೇ ಕಾರಣ ಏನು ಗೊತ್ತಾ, ಈ ಮನೇಲಿ ವೈರ್ ಎಳೆಯೋ ಕೆಲಸ ಬೇಡ ಅಂತ. ಮಣ್ಣಿನ ಗೋಡೆಗೆ ಡ್ರಿಲ್ ಹಾಕಿದ್ರೆ ತೂತು ಬೀಳಲ್ಲ, ಒಂದು ಹಿಡಿ ಗೋಡೇನೇ ಬೀಳುತ್ತೆ.

ಹೊಂದಿಸೋದು ನಿಜವಾಗ್ಲೂ ಸುಲಭ. ಮೊದಲನೇ ಡಬ್ಬಿಯಿಂದ ಓಎನ್‌ಟಿಗೆ ಕೊಟ್ಟಿರೋ ಚಿಕ್ಕ ಕೇಬಲ್ ಚುಚ್ಚಿ, ಆಪ್ ತೆರೆದು, ಡಬ್ಬಿ ದೀಪ ನೀಲಿ ಆಗಿ ಉಸಿರಾಡೋವರೆಗೂ ಕಾದು, ಹೆಸರು ಪಾಸ್‌ವರ್ಡ್ ಕೊಟ್ರೆ ಹಸಿರು ಆಗುತ್ತೆ. ಇಲ್ಲೊಂದು ಬುದ್ಧಿವಂತಿಕೆ ಮಾಡಿ, ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಎರಡನ್ನೂ ಅಕ್ಷರ ಬಿಡದೆ ಹಾಗೇ ಕೊಡಿ, ಹಳೇ ಡಬ್ಬಿಯ ವೈಫೈ ಆಫ್ ಮಾಡಿ. ಮನೆಯ ಟಿವಿ, ಅಪ್ಪನ ಫೋನು, ಅಂಗಳದ ಕ್ಯಾಮೆರಾ ಎಲ್ಲ ಏನೂ ಆಗಿಲ್ಲ ಅನ್ನೋ ಹಾಗೆ ತಾವೇ ಸೇರ್ಕೊಳ್ತವೆ. ಹೊಸ ಕ್ಯಾಮೆರಾ ಏನಾದ್ರೂ 2.4 ಮಾತ್ರ ಅರ್ಥ ಆಗೋದಾಗಿದ್ದು ಸೇರ್ದೆ ಹಟ ಮಾಡಿದ್ರೆ ಆಪಲ್ಲಿ 5 ಗಿಗಾಹರ್ಟ್ಸನ್ನ ಹತ್ತು ನಿಮಿಷ ಆಫ್ ಮಾಡಿ ಜೋಡಿಸ್ಕೊಳ್ಳಿ.

ಅರ್ಧ ಗಂಟೇಲಿ ಮೂರೂ ಹಸಿರು. ಕಾಫಿ ಕುಡ್ದೆ. ಸ್ಪೀಡ್ ಟೆಸ್ಟ್ ಹಾಕ್ದೆ. ಜಗುಲೀಲಿ 146, ಭೇಷ್. ಉಪ್ಪರಿಗೇಲಿ 38. ಅಡುಗೆಮನೇಲಿ 9.

ಒಂಬತ್ತು! ಡಬ್ಬಿ ಪಕ್ಕದಲ್ಲೇ ನಿಂತ್ಕೊಂಡು, ಫೋನಲ್ಲಿ ಸಿಗ್ನಲ್ ಪೂರ್ತಿ ತುಂಬಿ ತುಳುಕ್ತಾ ಇರೋವಾಗ ಒಂಬತ್ತು. ಇಲ್ಲೇ ಎಲ್ಲರೂ ಮೋಸ ಹೋಗೋದು. ಫೋನು ತೋರ್ಸೋದು ಫೋನಿಗೂ ಡಬ್ಬಿಗೂ ನಡುವಿನ ಸಂಬಂಧ ಹೆಂಗಿದೆ ಅಂತ ಮಾತ್ರ. ಆ ಡಬ್ಬಿಗೂ ಹಿಂದಿನ ಡಬ್ಬಿಗೂ ಹೆಂಗಿದೆ ಅನ್ನೋದನ್ನ ಅದು ಹೇಳಲ್ಲ. ನಾನು ಎರಡನೇದನ್ನ ಉಪ್ಪರಿಗೆಯ ಹಿಂದಿನ ಕೋಣೇಲಿ, ಮೂರನೇದನ್ನ ಅಡುಗೆಮನೆ ಗೋಡೆಯ ದೀಪದ ಗೂಡಲ್ಲಿ ಇಟ್ಟಿದ್ದೆ. ಗೂಡಲ್ಲಿ ಏನು ಚಂದ ಕೂತಿತ್ತು ಅಂತೀರಿ, ಅದಕ್ಕೆ ಅಂತಾನೇ ಅಜ್ಜ ಕೆತ್ತಿಸಿದ ಹಾಗೆ. ಆದ್ರೆ ಗೂಡು ಅಂದ್ರೆ ಹಿಂದೆ, ಮೇಲೆ, ಕೆಳಗೆ, ಎರಡೂ ಪಕ್ಕ ಮಣ್ಣು, ಐದೂ ಕಡೆ ಮುಚ್ಚಿ ಒಂದೇ ಕಡೆ ತೆರೆದಿರೋದು, ಆ ತೆರೆದಿರೋ ಕಡೆ ಎದುರಿಗೆ ಫ್ರಿಜ್ಜು. ಜೊತೆಗೆ ಎರಡೂ ಡಬ್ಬಿ ಸಿಗ್ನಲ್ ಸತ್ತಿರೋ ಜಾಗದಲ್ಲೇ ಇಟ್ಟಿದೀನಿ, ಅಲ್ಲಿ ಬೇಕು ತಾನೆ ಅಂತ. ಅದು ನೀರಿಲ್ಲದ ಬಾವಿಗೆ ಪಂಪ್ ಇಳಿಸಿದ ಹಾಗೆ. ಡಬ್ಬಿ ಇಡ್ಬೇಕಾದ್ದು ಸಿಗ್ನಲ್ ಇನ್ನೂ ಚೆನ್ನಾಗಿರೋ ಜಾಗದಲ್ಲಿ, ಅಲ್ಲಿಂದ ಅದು ಮುಂದಕ್ಕೆ ಎಸೀಬೇಕು.

ಇನ್ನೊಂದು ಅಸಲಿ ವಿಷಯ ಅಪ್ಪನಿಗೆ ಹೇಳ್ತಾ ಹೇಳ್ತಾ ನಂಗೇ ಸರಿಯಾಗಿ ಅರ್ಥ ಆಗಿದ್ದು. ಕಮ್ಮಿ ಬೆಲೆಯ ಮೆಶ್ಶಲ್ಲಿ ಎರಡೇ ರೇಡಿಯೋ ಇರೋದು, ಹಿಂದಿನ ಡಬ್ಬಿಯಿಂದ ಡೇಟಾ ತಗೊಳ್ಳೋಕೂ ಫೋನಿಗೆ ಕೊಡೋಕೂ ಒಂದೇ ರೇಡಿಯೋ ಬಳಸ್ತವೆ, ಹಂಗಾಗಿ ಡಬ್ಬಿಯಿಂದ ಡಬ್ಬಿಗೆ ಒಂದೊಂದು ಜಿಗಿತಕ್ಕೂ ಸ್ಪೀಡು ಸುಮಾರು ಅರ್ಧ ಆಗುತ್ತೆ ಅಂತ ನಾನು ಹೇಳ್ತಿದ್ರೆ ಅಪ್ಪ ಅಡಕೆ ಕತ್ತರಿ ಕೆಳಗಿಟ್ಟು, "ಅಲ್ಲ ಮಾರಾಯ, ತುಂಬ್ಸೋದೂ ಅದೇ ಪೈಪು, ಬಿಡೋದೂ ಅದೇ ಪೈಪು ಅಂದ್ರೆ ಅರ್ಧ ಹೊತ್ತು ತುಂಬ್ಸು, ಅರ್ಧ ಹೊತ್ತು ಬಿಡು ಅಂತಾಗ್ತದೆ. ಮೇಲಿನ ತೋಟಕ್ಕೆ ನಾನು ಬೇರೆ ಲೈನ್ ಹಾಕಿದ್ದು ಎಂತಕ್ಕೆ ಮತ್ತೆ?" ಅಂದ.

ಬೇರೆ ಲೈನ್. ಅದಕ್ಕೆ ಎರಡು ದಾರಿ ಇದೆ. ಒಂದು, ಟ್ರೈ ಬ್ಯಾಂಡ್ ಅಂತ ಬರುತ್ತೆ, ಡಬ್ಬಿ ಡಬ್ಬಿ ಮಾತಾಡೋಕೇ ಅಂತ ಒಂದು ರೇಡಿಯೋ ಬೇರೆ ಇಡೋದು, ದುಡ್ಡು ಜಾಸ್ತಿ, ನಮ್ಮ ಗೋಡೆ ಮುಂದೆ ಅದೂ ಎಷ್ಟು ನಿಲ್ಲುತ್ತೋ. ಇನ್ನೊಂದು, ಡಬ್ಬಿಯಿಂದ ಡಬ್ಬಿಗೆ ನೆಟ್‌ವರ್ಕ್ ಕೇಬಲ್. ಅಂದ್ರೆ ವೈರು. ಯಾವುದು ಬೇಡ ಅಂತ ಇಷ್ಟು ಖರ್ಚು ಮಾಡಿದ್ನೋ ಅದೇ.

ಶಿವಮೊಗ್ಗಕ್ಕೆ ಹೋದಾಗ ಕ್ಯಾಟ್ 6 ಕೇಬಲ್ 40 ಮೀಟರ್, ಒಂದು ಹಿಡಿ ಆರ್‌ಜೆ45 ಪಿನ್ನು (ಕೇಬಲ್ ತುದಿಗೆ ಹಾಕೋದು), ಅದನ್ನ ಒತ್ತಿ ಕೂರಿಸೋ ಕ್ರಿಂಪಿಂಗ್ ಟೂಲು, ಎಂಟು ದೀಪದ ಟೆಸ್ಟರ್ ತಂದೆ. ಕೇಬಲ್ ತಗೊಳ್ಳೋವಾಗ ಪೂರ್ತಿ ತಾಮ್ರದ್ದಾ ಅಂತ ಕೇಳಿ, ಅಗ್ಗದ್ದರಲ್ಲಿ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ ಇರುತ್ತೆ, ಎರಡು ಸಲ ಬಗ್ಗಿಸಿದ್ರೆ ಪಟ್ ಅನ್ನುತ್ತೆ. ಗೋಡೆ ಮುಟ್ಟೋದು ಬೇಡ ಅಂತ ಜಗುಲಿಯಿಂದ ಅಟ್ಟಕ್ಕೆ ಏರ್ಸಿ, ಮಾಡಿನ ಪಕಾಸಿಗೆ ಕಟ್ಕೊಂಡು ಹೋಗಿ ಉಪ್ಪರಿಗೆಗೆ ಇಳಿಸೋದು ಅಂತ ಪ್ಲ್ಯಾನ್. ಅಟ್ಟದಲ್ಲಿ ಇಲಿ. ಇಲಿಗೆ ಏನು ಮಾಡೋದು ಅಂದಾಗ ಅಪ್ಪ ಕೊಟ್ಟಿಗೆ ಹಿಂದೆ ಬಿದ್ದಿದ್ದ 16 ಎಂಎಂ ಡ್ರಿಪ್ ಪೈಪಿನ ಸುರುಳಿ ಎಳ್ಕೊಂಡು ಬಂದ. ಬಿಸಿಲಿಗೆ ಗಟ್ಟಿಯಾಗಿತ್ತು, ಅಡಕೆ ಕತ್ತೀಲಿ ಉದ್ದಕ್ಕೆ ಸೀಳಿ, ಬಾಯಿ ಬಿಡಿಸ್ತಾ ಬಿಡಿಸ್ತಾ ಕೇಬಲ್ ಒಳಗೆ ತುರುಕಿದ್ವಿ, ಬಿಟ್ರೆ ತಾನೇ ಮುಚ್ಕೊಳ್ಳುತ್ತೆ. ಮಾರ್ಗಮಧ್ಯ ಹಳೇ ಡ್ರಿಪ್ಪರ್ ತೂತುಗಳು ಇದ್ವು, ಇರ್ಲಿ ಬಿಡಿ, ಗಾಳಿ ಆಡ್ಲಿ. ಅಟ್ಟದ ಕತ್ತಲಲ್ಲಿ ನಾನು ಬಾಯಲ್ಲಿ ಟಾರ್ಚ್ ಕಚ್ಕೊಂಡು, ಅಪ್ಪ ಕೆಳಗಿಂದ ಪೈಪು ಕೊಡ್ತಾ, ಅಮ್ಮ ಅದರ ಕೆಳಗಿಂದ "ಹಂಚು ತುಳಿಬೇಡಿ" ಅಂತ. ಒಟ್ಟು 35 ಮೀಟರ್ ಆಯ್ತು.

ಪಿನ್ ಹೊಡೆಯೋದು ನೋಡೋಕೆ ಸುಲಭ, ಕೂತ್ರೆ ಗೊತ್ತಾಗುತ್ತೆ. ಎಂಟು ತಂತಿ, ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದೀಲಿ ಇದೇ ಸಾಲು. ನೆಟ್ಟಗೆ ಮಾಡಿ, ಒಂದೇ ಸಮ ಕತ್ತರಿಸಿ, ಪಿನ್ನಿನ ತುದಿ ಮುಟ್ಟೋವರೆಗೂ ತಳ್ಳಿ, ಆಮೇಲೆ ಟೂಲ್ ಒತ್ಬೇಕು. ಒತ್ತಿದೆ, ಚುಚ್ಚಿದೆ, ಉಪ್ಪರಿಗೆ ಡಬ್ಬಿ ತಾನೇ ವೈರು ಗುರುತು ಹಿಡೀತು, ಆಪಲ್ಲಿ ವೈರ್ಡ್ ಅಂತ ಬಂತು. ಟೆಸ್ಟ್ ಹಾಕಿದೆ. 94.

38ರಿಂದ 94, ಖುಷಿ ಪಡ್ಬೇಕಾದ್ದೇ, ಪಟ್ಟೆ ಕೂಡ. ಸಂಜೆ ಮತ್ತೆ ಹಾಕ್ದೆ, 94. ರಾತ್ರಿ 94. ಮರುದಿನ ಬೆಳಗ್ಗೆ ಐದೂವರೆಗೆ ಊರೆಲ್ಲ ಮಲಗಿರೋವಾಗ 94. ಆಗ ಹೊಳೀತು, ನೆಟ್ಟು ಅನ್ನೋದು ಇಷ್ಟು ಶಿಸ್ತಾಗಿ ಇರಲ್ಲ, 90ರಿಂದ 140 ಅಂತ ಕುಣೀಬೇಕು, ಒಂದೇ ಜಾಗದಲ್ಲಿ ನಿಂತಿದೆ ಅಂದ್ರೆ ಎಲ್ಲೋ ಒಂದು ಕಡೆ ಬಾಗಿಲು ಚಿಕ್ಕದಿದೆ. ನೂರು ಎಂಬಿಪಿಎಸ್ ಲಿಂಕು ಅಂದ್ರೆ ಅದರ ಮೇಲಿನ ಸುತ್ತುಬಟ್ಟೆ ಎಲ್ಲ ಕಳೆದು ಕೈಗೆ ಸಿಗೋದು ಸುಮಾರು 94. ಗಿಗಾಬಿಟ್, ಅಂದ್ರೆ ಸಾವಿರ ಎಂಬಿಪಿಎಸ್ ಲಿಂಕು ಓಡೋಕೆ ಎಂಟೂ ತಂತಿ ಬೇಕು. ಒಂದು ಕೈಕೊಟ್ರೂ ಎರಡು ಡಬ್ಬಿಗಳೂ ರಾಜಿ ಮಾಡ್ಕೊಂಡು ನೂರಕ್ಕೆ ಇಳೀತವೆ, ನೂರಕ್ಕೆ ನಾಲ್ಕೇ ತಂತಿ ಸಾಕು, 1, 2, 3, 6. ಯಾರೂ ದೂರು ಹೇಳಲ್ಲ, ಎಲ್ಲ ದೀಪ ಹಸಿರೇ ಇರುತ್ತೆ. ಟೆಸ್ಟರ್ ಹಾಕಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು ಮಿಣುಕಿತು, ಏಳು ಕತ್ತಲೆ, ಎಂಟು ಮಿಣುಕಿತು. ಕಂದು-ಬಿಳಿ. ಬೆಳಕಿಗೆ ಹಿಡಿದು ನೋಡಿದ್ರೆ ಆ ಒಂದು ತಂತಿ ಪಿನ್ನಿನ ತುದಿಗೆ ಒಂದು ಕೂದಲೆಳೆಯಷ್ಟು ಮುಟ್ಟಿರ್ಲಿಲ್ಲ. ಕತ್ತರಿಸಿ ಹೊಸ ಪಿನ್ ಹೊಡೆದೆ, 143.

ಇದಾದ ಮೇಲೆ ಇನ್ನೊಂದು ಮಜಾ ಆಯ್ತು. ನಮ್ಮ ಉಪ್ಪರಿಗೆ ನೆಲ ಹಲಗೇದು. ಹಲಗೆ ವೈಫೈಗೆ ದೊಡ್ಡ ಲೆಕ್ಕ ಅಲ್ಲ. ಮೇಲಿನ ಡಬ್ಬೀನ ಮೂಲೆಯಿಂದ ಎತ್ತಿ ಕೋಣೆ ನಡುವಿನ ಸ್ಟೂಲ್ ಮೇಲಿಟ್ಟ ಕೂಡ್ಲೇ ಕೆಳಗಿನ ನಡುಮನೆಗೆ ಪೂರ್ತಿ ಸಿಗ್ನಲ್ಲು, ಅಷ್ಟೇ ಅಲ್ಲ ಅಡುಗೆಮನೇಲೂ ಮೈನಸ್ 61. ಹೆಂಗೆ ಅಂತ ತಲೆ ಕೆರ್ಕೊಂಡೆ. ಅಡುಗೆಮನೆ ಗೋಡೆ ಮಾಡಿನವರೆಗೂ ಹೋಗಿಲ್ಲ, ಒಲೆ ಹೊಗೆ ಹೋಗ್ಲಿ ಅಂತ ಮೇಲೆ ಒಂದು ಮೊಳ ತೆರೆದು ಬಿಟ್ಟಿದಾರೆ. ಹೊಗೆ ಹೋಗೋ ದಾರೀಲಿ ವೈಫೈ ಒಳಗೆ ಬರ್ತಾ ಇತ್ತು. ಎರಡಡಿ ಗೋಡೇನ ಸೀಳೋಕೆ ನಾನು ಒದ್ದಾಡ್ತಾ ಇದ್ರೆ ಅದು ಮೇಲಿಂದ ಹಾರ್ಕೊಂಡು ಬರೋಕೆ ಕಾಯ್ತಾ ಇತ್ತು. ದೀಪದ ಗೂಡಿನ ಡಬ್ಬಿ ಕಿತ್ತೆ, ಅಮ್ಮ ಅದೇ ದಿನ ಅಲ್ಲಿ ದೀಪ ವಾಪಸ್ ಇಟ್ಲು.

ಉಳಿದ ಮೂರನೇ ಡಬ್ಬಿ ಅಂಗಳದಾಚೆ ಅಡಕೆ ಬೇಯಿಸೋ ಶೆಡ್ಡಿಗೆ, ಕ್ಯಾಮೆರಾಕ್ಕೋಸ್ಕರ. ಕೈಗೆ ಟೂಲ್ ಬಂದಿತ್ತಲ್ಲ, ಅಲ್ಲಿಗೂ ವೈರ್ ಎಳೆದುಬಿಡೋಣ ಅಂತ ಹೊರಟಿದ್ದೆ, ಅಪ್ಪ ಬಿಡ್ಲಿಲ್ಲ. ನಮ್ಮ ಕಡೆ ಮೇ ತಿಂಗಳ ಗುಡುಗು ಕೇಳಿದವರಿಗೆ ಬೇರೆ ಹೇಳ್ಬೇಕಾಗಿಲ್ಲ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ವೈರು ಎಳೆದಿಟ್ರೆ ಸಿಡಿಲಿಗೆ ನಾವೇ ಹಗ್ಗ ಕಟ್ಟಿ ಕೊಟ್ಟ ಹಾಗೆ, ಹತ್ರದಲ್ಲಿ ಬಿದ್ರೂ ಸಾಕು, ಎರಡೂ ತುದಿಯ ಡಬ್ಬಿ ಹೋಗುತ್ತೆ. ವೈರ್ ಬೇಕೇ ಬೇಕು ಅಂದ್ರೆ ಅಲ್ಲಿಗೆ ಫೈಬರ್ ಹಾಕಿ ಎರಡು ಕಡೆ ಬೆಳಕನ್ನ ವೈರಿನ ಸಿಗ್ನಲ್ ಮಾಡೋ ಮೀಡಿಯಾ ಕನ್ವರ್ಟರ್ ಕೂರಿಸ್ಬೇಕು, ಗಾಜಿನ ಎಳೇಲಿ ಕರೆಂಟ್ ಹರಿಯಲ್ಲ. ನಂಗೆ ಅಷ್ಟು ಬೇಕಾಗಿರ್ಲಿಲ್ಲ. ಜಗುಲಿ ಕಿಟಕಿಯಿಂದ ಶೆಡ್ಡಿನ ಕಿಟಕಿ ನೇರ ಕಾಣುತ್ತೆ, ನಡುವೆ ಬರೀ ಗಾಳಿ, ಒಂದು ದಾಸವಾಳ ಗಿಡ. ವೈರ್‌ಲೆಸ್ಸಲ್ಲೇ 60 ಬರ್ತಾ ಇದೆ.

ಎರಡು ತಾಪತ್ರಯ ಬೇಗ ಹೇಳಿಬಿಡ್ತೀನಿ. ಓಎನ್‌ಟಿಯೂ ರೂಟರ್, ಮೆಶ್ ಡಬ್ಬಿಯೂ ರೂಟರ್, ಎರಡೂ ನಾನೇ ಯಜಮಾನ ಅಂತ ಕೂತಾಗ ಮನೇಲಿ ಎರಡು ನೆಟ್‌ವರ್ಕ್ ಆಗುತ್ತೆ, ನನ್ನ ಪ್ರಿಂಟರ್ ಓಎನ್‌ಟಿಗೆ ವೈರಲ್ಲಿ ಇತ್ತು, ಲ್ಯಾಪ್‌ಟಾಪಿಗೆ ಕಾಣ್ತಾನೇ ಇರ್ಲಿಲ್ಲ. ಸರಿಯಾದ ಮದ್ದು ಅಂದ್ರೆ ಓಎನ್‌ಟಿನ ಬ್ರಿಡ್ಜ್ ಮೋಡಿಗೆ ಹಾಕಿ, ಅಂದ್ರೆ ಅದರ ಯಜಮಾನಿಕೆ ಬಿಡಿಸಿ, ಕಂಪನಿಯ ಲಾಗಿನ್ನು, ವಿಲ್ಯಾನ್ ನಂಬರು (ಅವರ ಲೈನಿನ ಗುರುತು) ಎಲ್ಲ ಮೆಶ್ ಡಬ್ಬಿಗೆ ಕೊಡೋದು, ಆದ್ರೆ ಅದನ್ನ ಕೇಬಲ್ ಹುಡುಗನ ಹತ್ರ ಕೇಳಿದ್ರೆ ಅವನು ಮನೆ ಬೀಗದ ಕೈ ಕೇಳಿದ ಹಾಗೆ ಮುಖ ನೋಡ್ದ. ಸುಲಭದ ಮದ್ದು, ಮೆಶ್ಶನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕೋದು, ಅಂದ್ರೆ ಅದು ಯಜಮಾನಿಕೆ ಬಿಟ್ಟು ಬರೀ ವೈಫೈ ಹಂಚುತ್ತೆ, ಮಕ್ಕಳ ಫೋನಿಗೆ ಟೈಮ್ ಹಾಕೋ ತರದ ಕೆಲವು ಸೌಲಭ್ಯ ಹೋಗುತ್ತೆ, ನಮ್ಮನೇಲಿ ಮಕ್ಕಳು ಇಲ್ಲ, ಹಾಕ್ದೆ.

ಇನ್ನೊಂದು ಕರೆಂಟು. ಇದನ್ನ ಯಾವ ರಿವ್ಯೂನಲ್ಲೂ ಬರೆಯಲ್ಲ, ಬರೆಯೋರ ಮನೇಲಿ ಕರೆಂಟ್ ಹೋಗಲ್ಲ ಅನ್ಸುತ್ತೆ. ರೂಟರ್ ಒಂದೇ ಇದ್ದಾಗ ಒಂದಕ್ಕೆ ಇನ್ವರ್ಟರ್ ಕೊಟ್ರೆ ಮುಗೀತು. ಈಗ ಮೂರು ಡಬ್ಬಿ, ಒಂದು ಓಎನ್‌ಟಿ. ನಮ್ಮ ಇನ್ವರ್ಟರ್ ಲೈನು ಜಗುಲಿ, ನಡುಮನೆ ಲೈಟಿಗೆ ಮಾತ್ರ ಇದ್ದಿದ್ದು. ಕರೆಂಟ್ ಹೋದ ಕೂಡ್ಲೇ ಉಪ್ಪರಿಗೆ ಡಬ್ಬಿ ಸಾಯೋದು, ಮೀಟಿಂಗ್ ಮತ್ತೆ ಬಾಯಿ ತೆರೆದ ಚಿತ್ರ. 12 ವೋಲ್ಟಿನ ಚಿಕ್ಕ ಯುಪಿಎಸ್ ಬರುತ್ತಲ್ಲ, ರೂಟರ್‌ಗೆ ಅಂತ, ಅದನ್ನ ಮೇಲೆ ಇಟ್ಟೆ. ತಗೊಳ್ಳೋಕೆ ಮುಂಚೆ ಡಬ್ಬಿಯ ಅಡಾಪ್ಟರ್ ಬೆನ್ನಲ್ಲಿ ವೋಲ್ಟು, ಆಂಪ್ಸು ಓದಿ, ಪಿನ್ ಸೈಜು ನೋಡಿ. ಇಷ್ಟೆಲ್ಲ ಮಾಡಿದ್ರೂ ಅರ್ಧ ದಿನ ಕರೆಂಟ್ ಇಲ್ಲ ಅಂದ್ರೆ ಪೇಟೇಲಿರೋ ಆಪರೇಟರ್ ಕಡೆ ಬ್ಯಾಟರಿ ಮುಗಿದು ಅಲ್ಲಿಂದಲೇ ನಿಲ್ಲುತ್ತೆ. ಕಂಬದ ಮೇಲೆ ಫೈಬರನ್ನ ಕವಲು ಮಾಡೋ ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಅವನ ಮಿಷಿನ್ನಿಗೆ ಬೇಕಲ್ಲ. ಆಗ ಮನೇಲಿ ಡಬ್ಬಿಗಳು ಉರೀತಾ, ನೆಟ್ಟಿಲ್ದೆ, ಎಲ್ಲರೂ ಕೆಂಪು ದೀಪ ನೋಡ್ತಾ ಕೂರೋದು.

ಹಾಂ, ಫೋನು ಹತ್ತಿರದ ಡಬ್ಬಿಗೆ ತಾನಾಗೇ ಅಂಟ್ಕೊಳ್ಳುತ್ತೆ ಅಂದೆ. ಅದು ಪೂರ್ತಿ ನಿಜ ಅಲ್ಲ. ಯಾವ ಡಬ್ಬಿ ಅಂತ ತೀರ್ಮಾನ ಮಾಡೋದು ಫೋನು, ಡಬ್ಬಿ ಬರೀ ಸಲಹೆ ಕೊಡ್ಬಹುದು. ಅಪ್ಪನ ಹಳೇ ಫೋನು ಶೆಡ್ಡಲ್ಲಿ ಹಿಡಿದ ಡಬ್ಬೀನ ಮನೆಯೊಳಗೆ ಬಂದ್ರೂ ಬಿಡಲ್ಲ. ಆಪಲ್ಲಿ ಫಾಸ್ಟ್ ರೋಮಿಂಗ್ ಅಂತ ಒಂದು ಸ್ವಿಚ್ ಇದೆ, ಡಬ್ಬಿಯಿಂದ ಡಬ್ಬಿಗೆ ಬೇಗ ದಾಟಿಸೋಕೆ, ಹಾಕಿದ್ರೆ ಆ ಫೋನು ಸೇರೋದೇ ನಿಲ್ಲಿಸ್ತು, ತೆಗೆದೆ. ಈಗ ಅಪ್ಪ ಒಳಗೆ ಬಂದ್ಮೇಲೆ ವೈಫೈ ಒಂದು ಸಲ ಆಫ್ ಆನ್ ಮಾಡ್ಕೊಳ್ತಾನೆ, ಕಾಲು ತೊಳ್ಕೊಂಡ ಹಾಗೆ ಅದೂ ಒಂದು ಅಭ್ಯಾಸ ಆಗಿದೆ.

ಮೊನ್ನೆ ಶುಕ್ರವಾರ ಮಧ್ಯಾಹ್ನ ಮಾಡಿನ ಮೇಲೆ ಮಂಗಗಳ ಮೆರವಣಿಗೆ ಹೋಯ್ತು, ಎರಡು ಹಂಚು ಜಾರಿದ ಸದ್ದು ಕೇಳಿಸ್ತು. ಕೂತಲ್ಲೇ ಸ್ಪೀಡ್ ಟೆಸ್ಟ್ ಹಾಕಿದೆ. 94. ಟೆಸ್ಟರ್ ಜೇಬಿಗೆ ಹಾಕ್ಕೊಂಡೆ, ಏಣಿ ಎಲ್ಲಿದೆ ಅಂತ ಅಪ್ಪನ್ನ ಕೂಗಿದೆ.